ಏಟು ಬಿದ್ದದ್ದು ಕೈಗೆ ಗೊತ್ತಾಗಬೇಕು

ಆ್ಯಕ್ಷನ್ ರೋಲ್-ಪ್ಲೇಯಿಂಗ್ ಗೇಮ್‌ಗಳ ಕಾಳಗದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುತ್ತ, ‘ಸೋತವನಿಗೆ ತಾನೇಕೆ ಸೋತೆ ಎಂಬುದು ತಿಳಿಯದ ಕಾಳಗ, ನೋಡಲು ಎಷ್ಟೇ ಸೊಗಸಾಗಿದ್ದರೂ, ಅರೆಬೆಂದ ಅಡುಗೆ’ ಎಂದು ಒಂದು ಮಾತು ಹೇಳಿದ್ದೆ. ಅದನ್ನು ಒಪ್ಪಿದವರೂ ಬರೆದಿದ್ದಾರೆ, ಒಪ್ಪದವರೂ ಬರೆದಿದ್ದಾರೆ. ಅದರಲ್ಲಿಯೂ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳು ಒಂದಕ್ಕೊಂದು ಎದುರುತ್ತರ ಕೊಡುವಂತಿದ್ದುದರಿಂದ, ನಾನೂ ದಾವಣಗೆರೆಯಲ್ಲೇ ಬೆಳೆದವನಾದ್ದರಿಂದ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಈ ಬಗೆಯ ಆಟಗಳನ್ನು ಆಡದ ಓದುಗರಿಗಾಗಿ ಒಂದೇ ಮಾತು: ಇಲ್ಲಿ ಆಟಗಾರನ ಕೈಚಳಕವೂ ನಡೆಯುತ್ತದೆ, ಅವನು ನಡೆಸುವ ಪಾತ್ರವು ಗಳಿಸುತ್ತ ಹೋಗುವ ಬಲ, ಆಯುಧ, ವಿದ್ಯೆಗಳ ಲೆಕ್ಕವೂ ನಡೆಯುತ್ತದೆ; ಆ ಬೆಳವಣಿಗೆಯ ಮೆಟ್ಟಿಲುಗಳನ್ನು ಲೆವೆಲ್ ಎಂದೂ, ದಾರಿ ಕಟ್ಟಿ ನಿಲ್ಲುವ ದೊಡ್ಡ ಎದುರಾಳಿಯನ್ನು ಬಾಸ್ ಎಂದೂ ಕರೆಯುತ್ತಾರೆ.

ಪ್ರಶ್ನೆ: ನಾನು ಹೊನ್ನಾಳಿಯವನು, ನನ್ನ ಕೊಠಡಿಯ ಗೆಳೆಯ ಹೊಸದುರ್ಗದವನು, ಇಬ್ಬರೂ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇವೆ. ಪಾತ್ರ ಬೆಳೆಯುವುದೇ ಈ ಆಟಗಳ ಜೀವಾಳವೆಂದೂ, ಐವತ್ತನೆಯ ಲೆವೆಲ್ ತಲುಪಿದ ಯೋಧ ನನ್ನ ಬೆರಳು ಸ್ವಲ್ಪ ತಡವಾದರೂ ಗೆಲ್ಲಲೇಬೇಕೆಂದೂ ನನ್ನ ವಾದ. ಅಂಕಿಗಳೇ ಗೆಲ್ಲಿಸುವುದಾದರೆ ಕೈಯಲ್ಲಿ ಕಂಟ್ರೋಲರ್ ಯಾಕೆ ಬೇಕು, ಒಂದು ಲೆವೆಲ್ಲೂ ಏರದೆ ಬಾಸ್‌ನನ್ನು ಸೋಲಿಸುವುದೇ ನಿಜವಾದ ತೃಪ್ತಿ ಎಂದು ಅವನ ವಾದ. ತಿಂಗಳಿಂದ ಈ ಜಗಳ ಮುಗಿದಿಲ್ಲ. ಯಾರು ಸರಿ?

ಉತ್ತರ: ನಿಮ್ಮ ಕೊಠಡಿಯ ಜಗಳ ಈ ಬಗೆಯ ಆಟಗಳು ಹುಟ್ಟಿದಂದಿನಿಂದಲೂ ಅವುಗಳ ಹೊಟ್ಟೆಯೊಳಗೇ ಇದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಹೊರತಂದಾಗ, ಕಾಳಗವೆಂದರೆ ಮೇಜಿನ ಸುತ್ತ ಕುಳಿತು ದಾಳ ಉರುಳಿಸುವುದಾಗಿತ್ತು. ಅಲ್ಲಿ ತಲೆಗೂ ಅದೃಷ್ಟಕ್ಕೂ ಕೆಲಸವಿತ್ತು, ಬೆರಳಿಗೆ ಇರಲಿಲ್ಲ. ಆ ಪರಂಪರೆಯಿಂದ ಬಂದ ಅನೇಕ ಕಂಪ್ಯೂಟರ್ ಆಟಗಳೂ ನೀವೊಮ್ಮೆ ಹೊಡೆಯಿರಿ, ಅವನೊಮ್ಮೆ ಹೊಡೆಯಲಿ ಎಂಬ ಸರದಿಯ ಪದ್ಧತಿಯಲ್ಲೇ ನಡೆದವು. 1996-97ರ ಹೊಸ್ತಿಲಲ್ಲಿ ಬಂದ ‘ಡಯಾಬ್ಲೊ’ ಕೂಡ ಮೊದಲು ಸರದಿಯ ಆಟವಾಗಿಯೇ ತಯಾರಾಗುತ್ತಿತ್ತು. ಅದನ್ನು ರೂಪಿಸುತ್ತಿದ್ದ ಡೇವಿಡ್ ಬ್ರೆವಿಕ್ ಮುಂದೆ ತಾವೇ ಹೇಳಿಕೊಂಡಂತೆ, ಸರದಿಯನ್ನು ಬಿಟ್ಟು ಕ್ಷಣಕ್ಷಣಕ್ಕೂ ನಡೆಯುವ ಆಟವಾಗಿಸಿ ಎಂಬ ಒತ್ತಾಯಕ್ಕೆ ಅವರು ಮೊದಲು ಮಣಿದಿರಲಿಲ್ಲ. ಸಹೋದ್ಯೋಗಿಗಳು ಪಟ್ಟು ಹಿಡಿದ ಮೇಲೆ ಒಂದು ಮಧ್ಯಾಹ್ನ ಕುಳಿತು, ಕೆಲವೇ ಗಂಟೆಗಳಲ್ಲಿ ಬದಲಾವಣೆ ಮಾಡಿ, ಮೌಸ್ ಹಿಡಿದು ಒಂದು ಅಸ್ಥಿಪಂಜರದ ಮೇಲೆ ಕ್ಲಿಕ್ ಮಾಡಿದರು. ಯೋಧ ನಡೆದುಹೋಗಿ ಅದನ್ನು ಹೊಡೆದು ಕೆಡವಿದ. ಆ ಒಂದೇ ಏಟಿಗೆ ಅವರ ಮನಸ್ಸು ತಿರುಗಿತು.

ಆದರೆ ದಾಳ ಅಲ್ಲಿಗೆ ಮನೆ ಬಿಟ್ಟು ಹೋಗಲಿಲ್ಲ, ಒಳಕೋಣೆಗೆ ಸೇರಿಕೊಂಡಿತು. 2002ರ ‘ಮೊರೋವಿಂಡ್’ ಆಡಿದವರಿಗೆ ಇದರ ನೋವು ಗೊತ್ತು. ನಿಮ್ಮ ಕತ್ತಿ ಎದುರಾಳಿಯ ಮೈಮೇಲೆ ಹಾದುಹೋಗುವುದು ಕಣ್ಣಿಗೆ ಕಾಣುತ್ತದೆ, ಆದರೂ ಏಟು ಬೀಳುವುದಿಲ್ಲ. ಪಾತ್ರಕ್ಕೆ ಕತ್ತಿವಿದ್ಯೆ ಸಾಲದು, ಅಥವಾ ಅದು ದಣಿದಿದೆ ಎಂದು ಒಳಗಿನ ದಾಳ ತೀರ್ಪು ಕೊಟ್ಟಿರುತ್ತದೆ. ಮೇಜಿನ ಆಟದಲ್ಲಿ ‘ತಪ್ಪಿತು’ ಎಂದರೆ ನಾವು ಒಪ್ಪುತ್ತೇವೆ, ಏಕೆಂದರೆ ಆ ಕತ್ತಿ ನಮ್ಮ ಕಲ್ಪನೆಯಲ್ಲಿದೆ, ಕಲ್ಪನೆ ಅದನ್ನು ಗುರಿತಪ್ಪಿಸಿಕೊಳ್ಳುತ್ತದೆ. ಪರದೆಯ ಮೇಲೆ ಕತ್ತಿ ತಗುಲಿದ್ದನ್ನು ಕಂಡ ಕಣ್ಣಿಗೆ ‘ತಗುಲಲಿಲ್ಲ’ ಎಂದರೆ, ಅದು ಕಣ್ಣನ್ನೇ ಸುಳ್ಳುಗಾರನನ್ನಾಗಿ ಮಾಡಿದಂತೆ. ‘ಮೊರೋವಿಂಡ್’ ಮಾಡಿದ ಸಂಸ್ಥೆಯೇ 2006ರ ‘ಒಬ್ಲಿವಿಯನ್’ನಲ್ಲಿ ಈ ಪದ್ಧತಿಯನ್ನು ಕೈಬಿಟ್ಟಿತು: ತಗುಲಿದ ಏಟು ತಗುಲಿದ್ದೇ, ಪಾತ್ರದ ಕೌಶಲ ಏಟಿನ ಬಲವನ್ನು ಹೆಚ್ಚುಕಡಿಮೆ ಮಾಡುತ್ತದೆ, ಅಷ್ಟೆ.

ಇಷ್ಟು ಕೇಳಿ ಹೊಸದುರ್ಗದ ಗೆಳೆಯರು ತಾವೇ ಗೆದ್ದೆವೆಂದು ತಿಳಿಯಬಾರದು. ಅಂಕಿಗಳು ಇದ್ದುದು ತಪ್ಪಲ್ಲ, ಅವು ಕಾಣದಂತೆ ಕೆಲಸ ಮಾಡಿದ್ದು ತಪ್ಪು. ಇದಕ್ಕೆ ಒಂದೇ ಸಂಸ್ಥೆಯ ಎರಡು ಆಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಫ್ರಂಸಾಫ್ಟ್‌ವೇರ್‌ನ 2011ರ ‘ಡಾರ್ಕ್ ಸೋಲ್ಸ್’ನಲ್ಲಿ ಪಾತ್ರ ಹೊತ್ತ ಭಾರ ಅದರ ಮಿತಿಯ ಕಾಲುಭಾಗದೊಳಗಿದ್ದರೆ ಏಟು ತಪ್ಪಿಸಿಕೊಳ್ಳಲು ಅದು ಉರುಳುವುದು ಚುರುಕಾಗಿರುತ್ತದೆ, ಅರ್ಧದವರೆಗೆ ಸಾಧಾರಣವಾಗಿರುತ್ತದೆ, ಅರ್ಧ ದಾಟಿತೆಂದರೆ ಮೂಟೆ ಉರುಳಿದಂತೆ ಉರುಳುತ್ತಾನೆ. ಮೈಮೇಲೆ ಕಬ್ಬಿಣ ಹೇರಿಕೊಂಡವನು ನಿಧಾನವಾಗುತ್ತಾನೆ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಅವನ ಬೆನ್ನು ನೆಲಕ್ಕೆ ಬೀಳುವ ಸದ್ದೇ ಹೇಳುತ್ತದೆ. ಇಲ್ಲಿ ಅಂಕಿ ದೇಹವಾಗಿ ಕಾಣಿಸಿಕೊಂಡಿದೆ. 2014ರ ‘ಡಾರ್ಕ್ ಸೋಲ್ಸ್ 2’ರಲ್ಲಿ ಇನ್ನೊಂದು ಅಂಕಿಯನ್ನು ತಂದರು. ‘ಅಡಾಪ್ಟಬಿಲಿಟಿ’ ಎಂಬುದನ್ನು ಏರಿಸಿದಷ್ಟೂ, ಉರುಳುವಾಗ ಏಟು ತಗುಲದೆ ಇರುವ ಕಾಲ ಕೆಲವು ಫ್ರೇಮ್‌ಗಳಷ್ಟು, ಎಂದರೆ ಪರದೆಯ ಮೇಲೆ ಓಡುವ ಕೆಲವು ಚಿತ್ರಗಳಷ್ಟು, ಹಿಗ್ಗುತ್ತದೆ. ಆದರೆ ಉರುಳುವ ಚಿತ್ರ ಮಾತ್ರ ಮೊದಲಿನಂತೆಯೇ ಇರುತ್ತದೆ. ಹತ್ತಿರ ಹತ್ತಿರ ಸರಿಯಾದ ಹೊತ್ತಿಗೆ ಉರುಳಿದ ಹೊಸ ಆಟಗಾರ ಏಟು ತಿನ್ನುತ್ತಾನೆ. ತಪ್ಪು ತನ್ನ ಬೆರಳಿನದೋ, ಪಾತ್ರದ ಅಂಕಿಯದೋ ಅವನಿಗೆ ತಿಳಿಯುವುದಿಲ್ಲ. ಆ ಆಟದ ಅಭಿಮಾನಿಗಳು ಇಂದಿಗೂ ಈ ಒಂದು ವಿಷಯಕ್ಕೆ ಎರಡು ಪಂಗಡವಾಗಿರುವುದು ಸುಮ್ಮನೆ ಅಲ್ಲ. ಎರಡೂ ಆಟಗಳಲ್ಲಿ ಅಂಕಿ ಮಾಡುವ ಕೆಲಸ ಒಂದೇ, ತಪ್ಪಿಸಿಕೊಳ್ಳುವುದನ್ನು ಸುಲಭ ಅಥವಾ ಕಷ್ಟ ಮಾಡುವುದು. ಒಂದರಲ್ಲಿ ಅದು ಕಣ್ಣೆದುರಿಗಿದೆ, ಇನ್ನೊಂದರಲ್ಲಿ ತೆರೆಯ ಹಿಂದಿದೆ.

ಅಂಕಿಯನ್ನು ಕೈಗೆ ತಿಳಿಸುವ ವಿದ್ಯೆಯಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಕ್ಯಾಪ್‌ಕಾಮ್‌ನ ‘ಮಾನ್‌ಸ್ಟರ್ ಹಂಟರ್’ ಸರಣಿಯನ್ನು. ಅದರ ಮೊದಲ ಆಟ 2004ರಲ್ಲಿ ಬಂದಿತು. ಅಲ್ಲಿ ಬೇಟೆಗಾರನ ಶಕ್ತಿ ಲೆವೆಲ್‌ಗಳಿಂದ ಬೆಳೆಯುವುದಿಲ್ಲ, ಕೊಂದ ಮೃಗದ ಮೂಳೆ, ಚಿಪ್ಪು, ಚರ್ಮಗಳಿಂದ ಮಾಡಿಸಿಕೊಂಡ ಆಯುಧ ಮತ್ತು ಕವಚಗಳಿಂದ ಬೆಳೆಯುತ್ತದೆ. ಆ ಆಯುಧಕ್ಕೆ ಹರಿತದ ಒಂದು ಅಳತೆಯಿದೆ. ಹೊಡೆಯುತ್ತ ಹೋದಂತೆ ಹರಿತ ಇಳಿಯುತ್ತದೆ, ಇಳಿದ ಕತ್ತಿ ಗಟ್ಟಿ ಚಿಪ್ಪಿಗೆ ತಗುಲಿ ಠಣ್ಣೆಂದು ಹಿಂದಕ್ಕೆ ಪುಟಿಯುತ್ತದೆ, ಪುಟಿದಾಗ ಬೇಟೆಗಾರನ ತೋಳು ಹಿಂದಕ್ಕೆ ಹಾರಿ ಅವನು ಒಂದು ಕ್ಷಣ ಬರಿಮೈಯಲ್ಲಿ ನಿಲ್ಲುತ್ತಾನೆ. ಓಡಿಹೋಗಿ ಮರೆಯಲ್ಲಿ ಕುಳಿತು ಮಸೆದುಕೊಂಡು ಬರಬೇಕು. ಲೆಕ್ಕದ ಪುಸ್ತಕದಲ್ಲಿ ಇದೂ ಒಂದು ಅಂಕಿಯೇ. ಆದರೆ ಮೊಂಡು ಕುಡುಗೋಲಿನಲ್ಲಿ ಹುಲ್ಲು ಕೊಯ್ದವನ ಕೈಗೆ ಅದು ಅಂಕಿಯಾಗಿ ಕಾಣುವುದೇ ಇಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು. ಹೊನ್ನಾಳಿಯವರೇ, ನಿಮ್ಮ ಯೋಧ ಬೆಳೆದಿರುವುದು ಬರಿ ನೂರು ಇದ್ದದ್ದು ಸಾವಿರವಾದದ್ದರಲ್ಲಿ ಮುಗಿದರೆ, ಶತ್ರುಗಳ ಹೆಲ್ತ್, ಎಂದರೆ ಏಟು ತಾಳುವ ಜೀವಬಲ, ಕೂಡ ಅದೇ ಪ್ರಮಾಣದಲ್ಲಿ ಬೆಳೆದಿರುವಾಗ, ನೀವು ನಿಂತ ಜಾಗದಲ್ಲೇ ನಿಂತಿದ್ದೀರಿ. ಬೆಳೆದ ಯೋಧನ ಕೈಗೆ ಮೊದಲು ಆಗದಿದ್ದ ಕೆಲಸವೊಂದು ಆಗುವಂತಿರಬೇಕು. ಹೊಸದುರ್ಗದವರೇ, ಒಂದನೆಯ ಲೆವೆಲ್‌ನಲ್ಲೇ ಬಾಸ್‌ನನ್ನು ಸೋಲಿಸಿದ ನಿಮ್ಮ ಗೆಲುವಿಗೆ ರುಚಿ ಬಂದದ್ದು, ಏರಬಹುದಾಗಿದ್ದ ಮೆಟ್ಟಿಲುಗಳನ್ನು ನೀವಾಗಿ ಬಿಟ್ಟದ್ದರಿಂದ. ಮೆಟ್ಟಿಲುಗಳೇ ಇಲ್ಲದಿದ್ದರೆ ಬಿಡುವುದೇನನ್ನು?

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿರುವ ನಿವೃತ್ತ ಶಿಕ್ಷಕ. ನನ್ನ ಮೊಮ್ಮಗ ರಜೆಗೆ ಬಂದಾಗ ‘ಎಲ್ಡನ್ ರಿಂಗ್’ ಎಂಬ ಆಟದಲ್ಲಿ ಒಬ್ಬನೇ ರಾಕ್ಷಸನ ಕೈಯಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಸೋತ. ಕೊನೆಗೆ ಗೆದ್ದಾಗ ಮನೆ ಹಾರಿಹೋಗುವಂತೆ ಕೂಗಿದ. ಬೆರಳಿನಿಂದ ಗುಂಡಿ ಒತ್ತುವುದರಲ್ಲಿ ಇಷ್ಟೊಂದು ತೃಪ್ತಿ ಎಲ್ಲಿಂದ ಬರುತ್ತದೆ? ದಯವಿಟ್ಟು ನನ್ನಂಥವರಿಗೂ ಅರ್ಥವಾಗುವಂತೆ ತಿಳಿಸಬೇಕು.

ಉತ್ತರ: ಮಾನ್ಯರೇ, ತಾವು ಕೇಳಿದ ರೀತಿಯಲ್ಲಿಯೇ ಕುತೂಹಲ ಕಾಣುತ್ತಿದೆ, ಅದಕ್ಕೆ ನಮಸ್ಕಾರ. ತಮಗೆ ಗರಡಿಮನೆಯ ಮೂಲಕ ಹೇಳುತ್ತೇನೆ. ದಾವಣಗೆರೆಯಲ್ಲಿ ಹುಡುಗನಾಗಿದ್ದಾಗ ನಾನೂ ಎರಡು ವರ್ಷ ಗರಡಿಯ ಮಟ್ಟಿ ಮೈಗೆ ಹಚ್ಚಿಕೊಂಡವನು. ದುರ್ಗಾಂಬಿಕೆಯ ಜಾತ್ರೆಯ ಕುಸ್ತಿಯನ್ನು ಜನರ ಕಾಲ ಸಂದಿಯಲ್ಲಿ ತೂರಿ ನೋಡಿದವನು. ನಮ್ಮ ವಸ್ತಾದರು ಮೊದಲ ತಿಂಗಳು ಯಾವ ಪಟ್ಟನ್ನೂ ಕಲಿಸಲಿಲ್ಲ. ಎದುರಾಳಿ ಯಾವ ಕಾಲಿನ ಮೇಲೆ ಭಾರ ಹಾಕಿದ್ದಾನೆ ನೋಡು ಎನ್ನುತ್ತಿದ್ದರು, ಅಷ್ಟೆ. ಭಾರ ಬದಲಾಯಿಸುವ ಆ ಅರೆಗಳಿಗೆಯಲ್ಲಿ ಅವನು ಏನು ಮಾಡಲಿದ್ದಾನೆಂಬುದು ಬರೆದಿಟ್ಟಂತೆ ಇರುತ್ತದೆ, ಓದಲು ಬರಬೇಕು. ಇನ್ನೊಂದು ಮಾತು ಹೇಳುತ್ತಿದ್ದರು: ಕಾಲಿಗೆ ನುಗ್ಗಿದ ಮೇಲೆ ನುಗ್ಗಿದ್ದೇ, ಅರ್ಧದಲ್ಲಿ ಹಿಂದೆಗೆದರೆ ಕುತ್ತಿಗೆ ಅವನ ಕಂಕುಳಲ್ಲಿರುತ್ತದೆ.

ತಮ್ಮ ಮೊಮ್ಮಗ ಆಡಿದ ಆಟ 2022ರಲ್ಲಿ ಬಂದದ್ದು, ಹಿದೆತಾಕ ಮಿಯಜಾಕಿ ಅವರ ನಿರ್ದೇಶನದ್ದು. ಅದರಲ್ಲಿ ಮೊದಲಿಗೆ ದಾರಿ ಕಟ್ಟಿ ನಿಲ್ಲುವ ದೊಡ್ಡ ಎದುರಾಳಿಗಳಲ್ಲಿ ಮಾರ್ಗಿಟ್ ಎಂಬವನೊಬ್ಬನಿದ್ದಾನೆ. ಅವನು ಕೋಲು ಎತ್ತುತ್ತಾನೆ, ಎತ್ತಿದ ಕೋಲನ್ನು ಇಳಿಸದೆ ತಡೆಹಿಡಿಯುತ್ತಾನೆ. ಹೆದರಿದ ಆಟಗಾರ ಕೋಲು ಎತ್ತಿದ ಕೂಡಲೇ ಉರುಳಿ, ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಏಟು ತಿನ್ನುತ್ತಾನೆ. ಮೊದಲ ಹತ್ತು ಸೋಲುಗಳು ಹೆದರಿಕೆಯ ಸೋಲುಗಳು, ಮುಂದಿನ ಹತ್ತು ಅವಸರದ ಸೋಲುಗಳು. ಆಮೇಲೆ ಕೋಲಿನ ಬದಲು ಅವನ ಭುಜವನ್ನು ನೋಡುವುದು ಅಭ್ಯಾಸವಾಗುತ್ತದೆ. ಆಟಗಾರನೂ ಗುಂಡಿ ಒತ್ತಿದನೆಂದರೆ ತನ್ನ ಕತ್ತಿ ಬೀಸು ಮುಗಿಯುವವರೆಗೆ ಹಿಂದೆಗೆಯಲಾರ. ಜೊತೆಗೆ ಪ್ರತಿ ಬೀಸಿಗೂ ಉರುಳಿಗೂ ದಮ್ಮು ಖರ್ಚಾಗುತ್ತದೆ, ಅದನ್ನು ಹಸಿರು ಪಟ್ಟಿಯೊಂದು ತೋರಿಸುತ್ತಿರುತ್ತದೆ. ಆದ್ದರಿಂದ ಬೆರಳು ಒತ್ತುವುದು ಗುಂಡಿಯನ್ನಾದರೂ, ಮನಸ್ಸು ಪ್ರತಿ ಸಲ ಒಂದು ನಿರ್ಧಾರಕ್ಕೆ ಕಟ್ಟುಬೀಳುತ್ತಿದೆ. ಮೂವತ್ತಕ್ಕೂ ಹೆಚ್ಚು ಸಲ ಸೋತು ಗೆದ್ದ ಹುಡುಗನ ಪಾತ್ರ ಮೊದಲ ಸಲದಷ್ಟೇ ಬಲದ್ದಾಗಿರಬಹುದು, ಆದರೆ ಓದಲು ಬಾರದಿದ್ದ ಬರಹವನ್ನು ಅವನು ಓದಲು ಕಲಿತಿದ್ದಾನೆ. ಅಕ್ಷರ ಕೂಡಿಸಿ ಮೊದಲ ವಾಕ್ಯ ಓದಿದ ಮಗುವಿನ ಮುಖವನ್ನು ತಾವು ತರಗತಿಯಲ್ಲಿ ಎಷ್ಟೋ ಸಲ ಕಂಡಿರುತ್ತೀರಿ. ಆ ಕೂಗು ಅದರದೇ ಬಂಧು.

ಏಟಿಗೆ ತೂಕ ಬರುವುದು ಹೇಗೆ ಎಂಬುದನ್ನೂ ಹೇಳಬೇಕು, ಏಕೆಂದರೆ ಇದು ಬಹಳ ಚೆಂದದ ಕುಶಲತೆ. ಕತ್ತಿ ಮೈಗೆ ತಗುಲಿದ ಕ್ಷಣದಲ್ಲಿ ಅನೇಕ ಆಟಗಳು ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಕಣ್ಣೆವೆ ಮುಚ್ಚುವುದಕ್ಕಿಂತ ಕಡಿಮೆ ಕಾಲ ಹಾಗೆಯೇ ನಿಲ್ಲಿಸಿಬಿಡುತ್ತವೆ. ಇದನ್ನು ‘ಹಿಟ್‌ಸ್ಟಾಪ್’ ಎನ್ನುತ್ತಾರೆ. 1991ರ ‘ಸ್ಟ್ರೀಟ್ ಫೈಟರ್ 2’ ಕಾಲದಿಂದಲೇ ಇದು ಬಳಕೆಯಲ್ಲಿದೆ. ಸೆಕೆಂಡಿಗೆ 60 ಚಿತ್ರಗಳು ಓಡುವ ಆಟದಲ್ಲಿ ಆರು ಚಿತ್ರಗಳ ಕಾಲ ನಿಂತರೆ ಅದು ಸೆಕೆಂಡಿನ ಹತ್ತನೆಯ ಒಂದು ಭಾಗ. ಕಣ್ಣಿಗೆ ನಿಂತಂತೆ ಕಾಣುವುದಿಲ್ಲ. ಕತ್ತಿ ಏನೋ ಗಟ್ಟಿಯಾದದ್ದಕ್ಕೆ ಸಿಕ್ಕಿಕೊಂಡು ಬಿಡಿಸಿಕೊಂಡಂತೆ ಭಾಸವಾಗುತ್ತದೆ. ಹಗುರ ಬಾಕುವಿಗೆ ಈ ತಡೆ ಕಡಿಮೆ, ಭಾರದ ಸುತ್ತಿಗೆಗೆ ಹೆಚ್ಚು. ಜಾತ್ರೆಯ ಕುಸ್ತಿಯಲ್ಲಿ ಪೈಲ್ವಾನ ಎದುರಾಳಿಯನ್ನು ಎತ್ತಿ ಹಿಡಿದಾಗ ಹಲಗೆಯವನು ಬಡಿತ ನಿಲ್ಲಿಸಿ, ಬೆನ್ನು ಮಣ್ಣಿಗೆ ಬಿದ್ದೊಡನೆ ಮತ್ತೆ ಬಾರಿಸುತ್ತಿದ್ದನಲ್ಲ, ಆ ನಡುವಿನ ಮೌನ ಮಾಡುತ್ತಿದ್ದ ಕೆಲಸವನ್ನೇ ಇದೂ ಮಾಡುತ್ತದೆ.

ಪ್ರಶ್ನೆ: ಕೆಲವು ಆಟಗಳಲ್ಲಿ ಒಬ್ಬ ಬಾಸ್‌ನನ್ನು ಹದಿನೈದು ನಿಮಿಷ ಹೊಡೆದರೂ ಸಾಯುವುದಿಲ್ಲ. ಕಷ್ಟ ಎಂದರೆ ಇದೇನಾ? (ಹರಿಹರದ ಅಂಗಡಿ ನೌಕರ)

ಉತ್ತರ: ಅಲ್ಲ. ಅದು ಉದ್ದ, ಕಷ್ಟವಲ್ಲ. ಮೂರನೆಯ ನಿಮಿಷಕ್ಕೆ ನೀವು ಕಲಿತದ್ದನ್ನೇ ಹದಿನೈದನೆಯ ನಿಮಿಷದವರೆಗೆ ಮಾಡಿಸುವ ಕಾಳಗ ಸಂಬಳವಿಲ್ಲದ ಕೂಲಿ. 2015ರ ‘ದಿ ವಿಚರ್ 3’ ಕಥೆಯ ದೃಷ್ಟಿಯಿಂದ ನಾನು ಬಹಳ ಗೌರವಿಸುವ ಆಟ. ಆದರೆ ಅದರಲ್ಲಿಯೂ ಲೆವೆಲ್ ಬಹಳ ಮೇಲಿರುವ ಶತ್ರುವಿನ ಪಕ್ಕದಲ್ಲಿ ಒಂದು ತಲೆಬುರುಡೆಯ ಚಿಹ್ನೆ ಕಾಣಿಸಿಕೊಳ್ಳುತ್ತದೆ, ಆಗ ನೋಡಲು ನಿನ್ನೆ ಕೊಂದ ದರೋಡೆಕೋರನಂತೆಯೇ ಇರುವ ಇನ್ನೊಬ್ಬ ದರೋಡೆಕೋರ, ಯಾವ ಹೊಸ ವಿದ್ಯೆಯೂ ಇಲ್ಲದೆ, ಬಂಡೆಯಂತೆ ನಿಲ್ಲುತ್ತಾನೆ. ಇದಕ್ಕೆ ಬದಲಾಗಿ ‘ಮಾನ್‌ಸ್ಟರ್ ಹಂಟರ್’ನ ಮೃಗವನ್ನು ನೋಡಿ. ಅಲ್ಲಿಯೂ ಬೇಟೆ ಅರ್ಧ ಗಂಟೆ ನಡೆಯಬಹುದು, ಮೃಗದ ಹೆಲ್ತ್ ಬಾರ್ ಕೂಡ ಕಾಣಿಸುವುದಿಲ್ಲ. ಆದರೂ ಬೇಸರವಾಗದಿರುವುದಕ್ಕೆ ಕಾರಣ, ಅದರ ಬಾಲ ಕತ್ತರಿಸಿ ಬೀಳುತ್ತದೆ, ಕೋಡು ಮುರಿಯುತ್ತದೆ, ದಣಿದಾಗ ಜೊಲ್ಲು ಸುರಿಸುತ್ತದೆ, ಸಾವು ಹತ್ತಿರವಾದಾಗ ಕುಂಟುತ್ತ ಗೂಡಿನ ಕಡೆಗೆ ಹೋಗುತ್ತದೆ. ನಿಮ್ಮ ಪ್ರತಿ ಏಟಿಗೂ ಮೃಗದ ಮೈಯೇ ರಸೀದಿ ಕೊಡುತ್ತದೆ.

ಪ್ರಶ್ನೆ: ಜಗಳೂರಿನಲ್ಲಿ ಪದವಿ ಓದುತ್ತಿದ್ದೇನೆ. ಕನ್ಸೋಲ್ ಕೊಳ್ಳುವ ಶಕ್ತಿ ಮನೆಯಲ್ಲಿಲ್ಲ. ಇರುವುದು ಸಾಧಾರಣ ಫೋನ್ ಒಂದೇ. ನೀವು ವರ್ಣಿಸುವ ಸುಖ ನಮ್ಮಂಥವರಿಗೆ ಇಲ್ಲವೇ?

ಉತ್ತರ: ಇದೆ, ಆದರೆ ಅದರ ದಾರಿ ಬೇರೆ. ಗಾಜಿನ ಮೇಲೆ ಗುಂಡಿಯ ಅಂಚು ಬೆರಳಿಗೆ ಸಿಗುವುದಿಲ್ಲ, ಹೆಬ್ಬೆರಳು ಪರದೆಯ ಒಂದು ಮೂಲೆಯನ್ನೇ ಮುಚ್ಚಿಬಿಡುತ್ತದೆ. ಸೆಕೆಂಡಿನ ಸಣ್ಣ ಚೂರುಗಳಲ್ಲಿ ತೀರ್ಮಾನವಾಗುವ ಕಾಳಗವನ್ನು ಹಾಗೆಯೇ ತಂದು ಫೋನಿಗೆ ಸುರಿದರೆ ಆಟಗಾರನಿಗೆ ಅನ್ಯಾಯವಾಗುತ್ತದೆ. 2020ರಲ್ಲಿ ಬಂದ ‘ಗೆನ್‌ಶಿನ್ ಇಂಪ್ಯಾಕ್ಟ್’ ಈ ತೊಡಕನ್ನು ಜಾಣತನದಿಂದ ಬಿಡಿಸಿದೆ. ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ನಡೆಯುವ ಆ ಆಟ, ಕಾಳಗದ ತೂಕವನ್ನು ಬೆರಳಿನ ವೇಗದಿಂದ ತೆಗೆದು ಕ್ರಮದ ಮೇಲೆ ಇಟ್ಟಿದೆ. ನಾಲ್ಕು ಜನರ ತಂಡ, ಒಬ್ಬೊಬ್ಬರದು ಒಂದೊಂದು ಭೂತತತ್ತ್ವ. ನೀರಿನಿಂದ ಒದ್ದೆಯಾದ ಶತ್ರುವಿಗೆ ಬೆಂಕಿ ತಗುಲಿಸಿದರೆ ಆ ಏಟು ಒಂದೂವರೆ ಪಟ್ಟಾಗುತ್ತದೆ; ಮೊದಲೇ ಹೊತ್ತಿಕೊಂಡವನಿಗೆ ನೀರು ತಗುಲಿಸಿದರೆ ಎರಡು ಪಟ್ಟಾಗುತ್ತದೆ. ಯಾರನ್ನು ಮೊದಲು ಕಣಕ್ಕಿಳಿಸಬೇಕು, ಯಾರನ್ನು ತಡೆದಿಡಬೇಕು ಎಂಬ ಯೋಚನೆಗೆ ಗಾಜಿನ ಪರದೆ ಅಡ್ಡಿಯಾಗುವುದಿಲ್ಲ. ಇದು ಕೆಳದರ್ಜೆಯ ಸುಖವೆಂದು ನಾನು ಎಣಿಸುವುದಿಲ್ಲ. ಆದರೆ ಅದೇ ಆಟದಲ್ಲಿ ಪಾತ್ರಗಳನ್ನು ಪಡೆಯುವ ಪದ್ಧತಿ ಲಾಟರಿಯಂತಿದೆ, ಅದರಲ್ಲಿ ಹಣ ಸುರಿಯಬೇಡಿ ಎಂಬುದನ್ನು ಅಣ್ಣನಾಗಿ ಹೇಳುತ್ತೇನೆ.

ಎರಡು ಸಣ್ಣ ಉಪಾಯಗಳೂ ಇವೆ. ಬ್ಲೂಟೂತ್ ಇಯರ್‌ಫೋನ್ ಬಿಟ್ಟು ತಂತಿಯದನ್ನು ಬಳಸಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುವುದರಿಂದ ಏಟು ಕಂಡ ಮೇಲೆ ಏಟಿನ ಸದ್ದು ಕೇಳಿ, ಮೈ-ಮನಸ್ಸಿನ ಹೊಂದಾಣಿಕೆಯೇ ತಪ್ಪುತ್ತದೆ. ಮತ್ತೆ, 60 ಫ್ರೇಮ್‌ಗೆ ಇಟ್ಟು ಫೋನ್ ಕಾದು ತಡವರಿಸುವುದಕ್ಕಿಂತ 30ಕ್ಕೆ ಇಟ್ಟು ಒಂದೇ ಹದದಲ್ಲಿ ಓಡಿಸುವುದು ಮೇಲು. 30ರಲ್ಲಿ ಒಂದೊಂದು ಚಿತ್ರಕ್ಕೆ ಸುಮಾರು 33 ಮಿಲಿಸೆಕೆಂಡ್ ಹಿಡಿಯುತ್ತದೆ. ನಿಧಾನಕ್ಕೆ ಕೈ ಒಗ್ಗಿಕೊಳ್ಳುತ್ತದೆ, ಏರುಪೇರಿಗೆ ಒಗ್ಗುವುದಿಲ್ಲ.

ಪ್ರಶ್ನೆ: ಕಷ್ಟದ ಆಟಗಳಲ್ಲಿ ‘ಸುಲಭ’ ಎಂಬ ಆಯ್ಕೆ ಇರಬೇಕೇ, ಬೇಡವೇ? (ಚಳ್ಳಕೆರೆ)

ಉತ್ತರ: ಇರಲಿ ಎನ್ನುವವನು ನಾನು. ಕೈ ನಡುಗುವವರೂ, ದಿನಕ್ಕೆ ಅರ್ಧ ಗಂಟೆ ಮಾತ್ರ ಬಿಡುವಿರುವವರೂ ಆಡಬೇಕು. ಆದರೆ ಸುಲಭ ಮಾಡುವ ಬಗೆಯಲ್ಲಿ ವಿವೇಕ ಬೇಕು: ಏಟು ತಡೆಯುವ ಕಾಲವನ್ನು ಹಿಗ್ಗಿಸಲಿ, ತಿಂದ ಏಟಿನ ನೋವನ್ನು ತಗ್ಗಿಸಲಿ, ಎದುರಾಳಿ ಮುನ್ಸೂಚನೆ ಕೊಡುವುದನ್ನು ಮಾತ್ರ ತೆಗೆಯದಿರಲಿ. ‘ಎಲ್ಡನ್ ರಿಂಗ್’ನಲ್ಲಿ ಅಂಥ ಆಯ್ಕೆಯ ಪಟ್ಟಿ ಇಲ್ಲದಿದ್ದರೂ, ನೆರವಿಗೆ ಆತ್ಮಗಳನ್ನು ಕರೆಯಬಹುದು, ಬಾಸ್‌ನನ್ನು ಬಿಟ್ಟು ಬೇರೆ ದಿಕ್ಕಿಗೆ ಹೋಗಿ ಬಲಿತು ಬರಬಹುದು. ನೆರವು ಪಡೆದವನ ಗೆಲುವು ಗೆಲುವಲ್ಲ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಪ್ರಶ್ನೆ: ನಾವು ಚಿತ್ರದುರ್ಗದ ಇಬ್ಬರು ಡಿಪ್ಲೊಮಾ ವಿದ್ಯಾರ್ಥಿನಿಯರು. ಒನಕೆ ಓಬವ್ವನ ಕಥೆಯನ್ನು ಒಂದು ಸಣ್ಣ ಆ್ಯಕ್ಷನ್ ಆಟವಾಗಿ ಮಾಡಬೇಕೆಂದಿದ್ದೇವೆ. ಒಬ್ಬೊಬ್ಬರಾಗಿ ತೂರಿ ಬರುವವರನ್ನು ಹೊಡೆಯುವುದಷ್ಟೇ ಆದರೆ ಬೇಗ ಬೇಸರವಾಗುತ್ತದೆಯೇ ಎಂಬ ಅಂಜಿಕೆ. ಬಲ, ವೇಗ ಮುಂತಾದ ಅಂಕಗಳನ್ನು ಸೇರಿಸಬೇಕೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಈ ಪತ್ರ ಓದಿ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ. ನಿಮ್ಮೂರಿನ ಕೋಟೆಯೇ ಕಾಳಗದ ವಿನ್ಯಾಸದ ಪಾಠಶಾಲೆ. ಏಳು ಸುತ್ತಿನ ಆ ಕೋಟೆಯ ಬಾಗಿಲುಗಳ ದಾರಿ ನೇರವಾಗಿ ಹೋಗದೆ ತಿರುವು ಪಡೆಯುವುದು, ನುಗ್ಗಿ ಬಂದವನ ಓಟ ಮುರಿಯಲೆಂದು. ಜಾಗ ಹೇಗಿದೆಯೋ ಕಾಳಗ ಹಾಗಿರುತ್ತದೆ ಎಂಬುದನ್ನು ಆ ಕಲ್ಲು ಕಟ್ಟಿದವರು ತಿಳಿದಿದ್ದರು. ಕಿಂಡಿಯಂತೂ ಇನ್ನೂ ಸ್ಪಷ್ಟ: ಹೈದರಾಲಿಯ ಸೈನ್ಯ ಎಷ್ಟೇ ದೊಡ್ಡದಿದ್ದರೂ ಅಲ್ಲಿ ಒಮ್ಮೆಗೆ ಒಂದೇ ತಲೆ ಒಳಬರಬೇಕು, ಅದೂ ಬಗ್ಗಿ. ಸಂಖ್ಯೆಯ ಬಲವನ್ನೆಲ್ಲ ಜಾಗವೇ ಕಿತ್ತುಕೊಂಡು ಇಬ್ಬರನ್ನೂ ಸಮ ಮಾಡಿದೆ. ಆದ್ದರಿಂದ ಆ ಇಕ್ಕಟ್ಟನ್ನು ಕೊರತೆ ಎಂದು ತಿಳಿದು ಬಯಲಿನ ಯುದ್ಧಗಳನ್ನು ಸೇರಿಸಲು ಹೋಗಬೇಡಿ.

ಬಲದ ಅಂಕ ಬೇಡ ಎಂದೇ ನನ್ನ ಸಲಹೆ. ಓಬವ್ವ ಕಾವಲುಗಾರನ ಹೆಂಡತಿ, ನೀರಿಗೆಂದು ಬಂದವಳು. ಗಂಡ ಊಟಕ್ಕೆ ಕುಳಿತಷ್ಟು ಹೊತ್ತಿನಲ್ಲಿ ನಡೆದ ಕಥೆ ಇದು. ಅಷ್ಟರಲ್ಲಿ ಅವಳ ತೋಳು ಇಮ್ಮಡಿ ಬಲಿಯುವುದು ಸುಳ್ಳಾಗುತ್ತದೆ. ಆದರೆ ಅವಳು ಆ ಒನಕೆಯನ್ನು ವರ್ಷಗಟ್ಟಲೆ ಹಿಡಿದವಳು. ಕುಟ್ಟುವ ಲಯ ಅವಳ ಮೈಯಲ್ಲಿದೆ: ಎತ್ತು, ತುದಿಯಲ್ಲಿ ಅರೆಕ್ಷಣ ನಿಲ್ಲಿಸು, ಇಳಿಬಿಡು. ನಿಮ್ಮ ಆಟದ ಕೌಶಲ ಈ ಮೂರರಲ್ಲೇ ಇರಲಿ. ಗುಂಡಿ ಒತ್ತಿ ಹಿಡಿದರೆ ಒನಕೆ ಏರಬೇಕು, ಬಿಟ್ಟರೆ ಅಣಸಿನ ತುದಿ ಇಳಿಯಬೇಕು. ಹೆಚ್ಚು ಹೊತ್ತು ಎತ್ತಿ ಹಿಡಿದರೆ ಉಸಿರು ಖರ್ಚಾಗಲಿ. ಬೇಗ ಬಿಟ್ಟರೆ ಏಟು ಸಾಲದೆ ಸೈನಿಕ ಕೂಗಿಕೊಳ್ಳಲಿ. ಆ ಕೂಗೇ ಅವಳ ಸೋಲು, ಏಕೆಂದರೆ ಹೊರಗಿರುವವರಿಗೆ ಒಳಗೆ ಏನಾಗುತ್ತಿದೆ ಎಂಬುದು ತಿಳಿಯದಿರುವವರೆಗೆ ಮಾತ್ರ ಅವರು ಒಬ್ಬೊಬ್ಬರಾಗಿ ಬರುತ್ತಾರೆ. ಬಿದ್ದವನನ್ನು ಪಕ್ಕಕ್ಕೆ ಎಳೆಯುವ ಕೆಲಸವೂ ಆಟದಲ್ಲಿರಬೇಕು; ಎಳೆಯುವ ಹೊತ್ತಿಗೆ ಒನಕೆ ಕೈಯಲ್ಲಿರುವುದಿಲ್ಲ, ಮುಂದಿನವನ ಮೈ ಕಲ್ಲಿಗೆ ಉಜ್ಜುವ ಸದ್ದು ಆಗಲೇ ಕೇಳತೊಡಗಿರುತ್ತದೆ. ಎಳೆಯುವುದೋ, ಬಿಟ್ಟು ಒನಕೆ ಹಿಡಿಯುವುದೋ ಎಂಬ ಆ ಒಂದು ಇಬ್ಬಂದಿ ಸಾಕು, ಬೇಸರ ಹತ್ತಿರ ಸುಳಿಯುವುದಿಲ್ಲ.

ಸದ್ದಿನ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಬರುವವನ ಭುಜ ಅಗಲವೋ ಸಣ್ಣದೋ, ಅವನು ಅವಸರದವನೋ ಅಂಜುಬುರುಕನೋ ಎಂಬುದೆಲ್ಲ ಕಾಣುವ ಮೊದಲು ಕಿವಿಗೆ ತಿಳಿಯುವಂತೆ ಮಾಡಿ. ನಾಲ್ಕಾರು ಬಗೆಯ ಉಸಿರು, ನಾಲ್ಕಾರು ಬಗೆಯ ತೆವಳು, ಅಷ್ಟರಲ್ಲೇ ಬೇಕಾದಷ್ಟು ವೈವಿಧ್ಯ ಸಿಗುತ್ತದೆ. ಏಟು ತಗುಲಿದಾಗ ಐದಾರು ಫ್ರೇಮ್ ನಿಲ್ಲಿಸಿ ನೋಡಿ, ಆಮೇಲೆ ಎಂಟಕ್ಕೆ ಏರಿಸಿ ನೋಡಿ, ಯಾವುದರಲ್ಲಿ ಮರದ ತೂಕ ಬರುತ್ತದೆಯೋ ಅದನ್ನು ಇಟ್ಟುಕೊಳ್ಳಿ. ತಲೆ ಒಡೆಯುವ ರಕ್ತದ ಚಿತ್ರಕ್ಕಿಂತ ಒನಕೆಯ ತುದಿ ಕಲ್ಲುನೆಲಕ್ಕೆ ತಾಕುವ ಸದ್ದು ಹೆಚ್ಚು ಕೆಲಸ ಮಾಡುತ್ತದೆ ಎಂದು ನನ್ನ ನಂಬಿಕೆ.

ಶುರು ಮಾಡುವುದು ಹೀಗೆ. ಕೋಟೆಯ ಚಿತ್ರ, ಸೀರೆಯ ಬಣ್ಣ, ಕಥೆಯ ಮಾತುಗಳು ಯಾವುದನ್ನೂ ಈಗ ಮುಟ್ಟಬೇಡಿ. ಒಂದು ಬೂದು ಗೋಡೆ, ಅದರಲ್ಲಿ ಒಂದು ತೂತು, ಒಂದು ಉದ್ದನೆಯ ಕಡ್ಡಿ, ತೂತಿನಿಂದ ಬರುವ ಒಂದು ಉಂಡೆ, ಇಷ್ಟನ್ನೇ ಮಾಡಿ. ಮಾಡಿ ಮುಗಿದ ಮೇಲೆ ಗೇಮ್ ಆಡುವ ಗೆಳತಿಯರಿಗೆ ಕೊಡುವ ಮೊದಲು, ಒನಕೆ ಹಿಡಿದು ಭತ್ತವನ್ನೋ ಖಾರವನ್ನೋ ಕುಟ್ಟಿದ ಅಜ್ಜಿಯೊಬ್ಬರು ಮನೆಯಲ್ಲಿದ್ದರೆ ಅವರ ಕೈಗೆ ಕೊಟ್ಟು, ಅವರ ಹೆಬ್ಬೆರಳು ಗುಂಡಿಯನ್ನು ಯಾವ ಕ್ಷಣದಲ್ಲಿ ಬಿಡುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಆ ಕಾಗದವನ್ನು ನನಗೂ ಕಳುಹಿಸಿ.